ಕೊರಳು ಹಗುರಾದ ಬೆಳಗು

ಮೈಮೇಲೆ ಬರುವುದು, ಸತ್ತವರು ಬಂದು ಮಾತಾಡುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಅಂಥ ಮಾತೆತ್ತಿದವರನ್ನು ಗೋಳು ಹೊಯ್ದುಕೊಳ್ಳುವುದರಲ್ಲಿ ನಾನೇ ಯಾವಾಗಲೂ ಮುಂದು. ಅದಕ್ಕೇ ಈ ಸಂಗತಿಯನ್ನು ಇಷ್ಟು ವರ್ಷ ಬಾಯಿಬಿಟ್ಟು ಹೇಳಲಿಲ್ಲ. ನಗು ಬಂದರೆ ನಕ್ಕುಬಿಡಿ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಮ್ಮ ಮನೆ ವಿಲಾಯತಿಯ ವೆಂಬ್ಲಿಯಲ್ಲಿ. ಪಾರ್ಕ್ ರಾಯಲ್‌ನ ಒಂದು ಸಮೋಸಾ ಫ್ಯಾಕ್ಟರಿಗೆ ಬೆಳಗಿನ ಶಿಫ್ಟಿಗೆ ಹೋಗುತ್ತೇನೆ. ಮೇಜಿನಲ್ಲಿ ನನ್ನ ಪಕ್ಕದ ಜಾಗ ವಾಸಂತಿಯದು. ಶ್ರೀಲಂಕಾದ ತಮಿಳು ಹೆಂಗಸು, ಮಗಳೊಬ್ಬಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದವಳು. ಅವಳ ತಮಿಳು, ನನ್ನ ಧಾರವಾಡದ ಕನ್ನಡ, ಎರಡಕ್ಕೂ ತೇಪೆ ಹಾಕಲು ಮುರುಕು ಇಂಗ್ಲಿಷ್. ಹೇಗೋ ಮಾತು ಸಾಗುತ್ತದೆ.

ಅವಳ ಗಂಡ ಅಲ್ಲಿಯ ಯುದ್ಧದಲ್ಲಿ ಬಂಡುಕೋರರ ಕಡೆಯವನು, ಒಂದು ಸಣ್ಣ ತುಕಡಿಯ ನಾಯಕ. ಸೋಲು ಖಚಿತವಾದ ಮೇಲೆ ತನ್ನ ಹುಡುಗರ ಜೊತೆ ಸೈನ್ಯಕ್ಕೆ ಶರಣಾದ. ಅವರನ್ನೆಲ್ಲ ಬಸ್ಸಿಗೆ ಹತ್ತಿಸಿಕೊಂಡು ಹೋದರು. ಆಮೇಲೆ ಆತನ ಸುದ್ದಿಯೇ ಇಲ್ಲ.

ಶರಣಾಗು ಎಂದು ಹಟ ಹಿಡಿದವಳು ಇವಳೇ. ಜೀವಂತ ಸೆರೆ ಸಿಗಬಾರದೆಂದು ಅವರೆಲ್ಲ ಕಪ್ಪು ದಾರಕ್ಕೆ ವಿಷದ ಕುಪ್ಪಿ ಪೋಣಿಸಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರಂತೆ. ಗಂಡನ ಕೊರಳಿನ ಆ ದಾರವನ್ನು ವಾಸಂತಿ ಕೈಯಾರೆ ಬಿಚ್ಚಿ ಮರಳಿನಲ್ಲಿ ಹೂತುಬಿಟ್ಟಳು. "ಅವರು ಎದ್ದರು ಅಕ್ಕಾ. ನಡೆದುಬಿಟ್ಟರು. ಬಸ್ಸಿನ ತನಕ ಒಂದು ಸಲವೂ ತಿರುಗಿ ನೋಡಲಿಲ್ಲ," ಎನ್ನುತ್ತಿದ್ದಳು. ಸಿಟ್ಟಿನಿಂದಲೇ ಹೋದರೇ? ಹೆಂಡತಿಯೇ ತನ್ನನ್ನು ವೈರಿಯ ಕೈಗೆ ಕೊಟ್ಟಳು ಅಂದುಕೊಂಡರೇ? ಈ ಪ್ರಶ್ನೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ನಾನು ಕೇಳುತ್ತಾ ಸಮೋಸಾ ಮಡಚುತ್ತಿದ್ದೆ.

ಫ್ಯಾಕ್ಟರಿಯಲ್ಲಿ ಕೊರಳಲ್ಲಿ ಏನೂ ಇರಕೂಡದು. ಸರ ಹರಿದು, ತಿನ್ನುವ ಪದಾರ್ಥದೊಳಗೆ ಬಿದ್ದರೆ ಗತಿಯೇನು? ಹಾಗಾಗಿ ದಿನಾ ಬೆಳಗ್ಗೆ ಲಾಕರುಗಳ ಮುಂದೆ ನಿಂತು ನಾವು ಮುತ್ತೈದೆಯರೆಲ್ಲ ತಾಳಿ ಬಿಚ್ಚಿಡುತ್ತೇವೆ. ನಮ್ಮ ಅತ್ತೆ ಕಂಡಿದ್ದರೆ ಅಲ್ಲೇ ಎದೆ ಬಡಿದುಕೊಳ್ಳುತ್ತಿದ್ದರು. ವಾಸಂತಿಯೂ ತನ್ನದನ್ನು ಕರವಸ್ತ್ರದಲ್ಲಿ ಸುತ್ತಿಡುತ್ತಾಳೆ. ಗಂಡ ಸತ್ತನೆಂದು ಅವಳಿಗೆ ಯಾರೂ ಹೇಳಿಲ್ಲವಲ್ಲ.

ಆ ದಿನ ಹೊರಗೆ ದಟ್ಟ ಮಂಜು. ಕಿಟಕಿಯ ಗಾಜೆಲ್ಲ ಹಾಲು ಬಳಿದಂತೆ ಬೆಳ್ಳಗಿತ್ತು. ನನ್ನ ತಾಳಿಸರದ ಕೊಂಡಿ ಸಿಕ್ಕಿಹಾಕಿಕೊಂಡು ಏನು ಮಾಡಿದರೂ ಬಿಚ್ಚಲೊಲ್ಲದು. "ತಡಿ ಅಕ್ಕಾ," ಎಂದು ವಾಸಂತಿ ನನ್ನ ಹಿಂದೆ ಬಂದು ನಿಂತಳು. ಅವಳ ತಣ್ಣನೆಯ ಬೆರಳು ಕತ್ತಿಗೆ ತಗಲಿತು. ಕೊಂಡಿ ಬಿಟ್ಟುಕೊಂಡಿತು, ಕೊರಳು ಹಗುರಾಯಿತು.

ಕಿಟಕಿಯ ಬಿಳುಪು ಹಾಗೇ ಇತ್ತು, ಆದರೆ ಈಗ ಅದು ಬಿಸಿಲು. ಕಾಲಡಿ ಮರಳು, ಪಕ್ಕದಲ್ಲಿ ಅಲುಗದೆ ಬಿದ್ದ ಉಪ್ಪು ನೀರು. ನನ್ನ ಎರಡೂ ಕೈ ತಲೆಯ ಮೇಲಿದ್ದವು. ಅವು ಗಂಡಸಿನ ಕೈಗಳು ಎಂಬುದು ನನಗೆ ವಿಚಿತ್ರವೆನಿಸಲೇ ಇಲ್ಲ. ದಾರಿಯ ಬದಿಗೆ ಬಂದೂಕುಗಳ ರಾಶಿ, ಅದರಲ್ಲಿ ನನ್ನದೂ ಇತ್ತು. ಜೊತೆಗೆ ನಡೆಯುತ್ತಿದ್ದವರು ಮುಂದೇನು ಎಂದು ನನ್ನ ಮುಖ ನೋಡುತ್ತಿದ್ದರು. ಅವರಿಗೆ ಕೊಡಲು ನನ್ನ ಬಳಿ ಒಂದು ಅಪ್ಪಣೆಯೂ ಉಳಿದಿರಲಿಲ್ಲ. ಆ ನಾಚಿಕೆಯ ಮುಂದೆ ಭಯ ಏನೂ ಅಲ್ಲ. ಆದರೂ ಅದರ ತಳದಲ್ಲೆಲ್ಲೋ ಒಂದು ನೆಮ್ಮದಿ ಇತ್ತು, ಇನ್ನು ಯಾರನ್ನೂ ಸಾಯಲು ಕಳಿಸಬೇಕಾಗಿಲ್ಲ ಎಂದು. ಎದುರಿಗೆ ನಿಂತ ಸೈನಿಕ ಬಸ್ಸಿನ ಕಡೆ ಕೈ ತೋರಿಸಿದ.

ಅವಳು ಹಿಂದೆ ನಿಂತು ನೋಡುತ್ತಿದ್ದಾಳೆಂದು ಗೊತ್ತಿತ್ತು. ಒಮ್ಮೆ ತಿರುಗಿ ನೋಡಲು ಜೀವ ಚಡಪಡಿಸುತ್ತಿತ್ತು. ತಿರುಗಿದರೆ ಆ ಗುಂಪಿನಲ್ಲಿ ನನ್ನ ಹೆಂಡತಿ ಯಾರು ಎಂದು ಈ ಸೈನಿಕರಿಗೆ ತಿಳಿದುಹೋಗುತ್ತದೆ. ತಿರುಗಲಿಲ್ಲ. ಎಡಗೈ ಮುಷ್ಟಿಯಲ್ಲಿ ಏನೋ ಚುಚ್ಚುತ್ತಿತ್ತು. ಅದು ಹಳದಿ ಪ್ಲಾಸ್ಟಿಕ್ಕಿನ ಚಿಟ್ಟೆ, ಸಣ್ಣ ಹುಡುಗಿಯರು ಕೂದಲಿಗೆ ಹಾಕುವ ಕ್ಲಿಪ್ಪು. ಅದನ್ನು ಇನ್ನೂ ಬಿಗಿಯಾಗಿ ಹಿಡಿದು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟೆ.

ಎಚ್ಚರಾದಾಗ ಬೆಂಚಿನ ಮೇಲೆ ಕೂತಿದ್ದೆ. ವಾಸಂತಿ ನನ್ನ ಎಡಗೈ ಮುಷ್ಟಿ ಬಿಡಿಸಲು ಹೆಣಗುತ್ತಿದ್ದಳು. ಬಿಡಿಸಿದರೆ ಒಳಗೆ ಏನೂ ಇರಲಿಲ್ಲ. ಹೇಳಬೇಕೋ ಬೇಡವೋ ಎಂದು ಯೋಚಿಸುವಷ್ಟು ಬುದ್ಧಿ ಆಗ ನನಗಿರಲಿಲ್ಲ, ಕಂಡದ್ದನ್ನೆಲ್ಲ ಹೇಳಿಬಿಟ್ಟೆ. ಕ್ಲಿಪ್ಪಿನ ಮಾತು ಬಂದಾಗ ಅವಳು ತಡೆದಳು.

"ಯಾವ ಬಣ್ಣ?"

"ಹಳದಿ. ಚಿಟ್ಟಿ ಇದ್ದಂಗ ಇತ್ತು."

ಅವಳು ಹಾಗೇ ನೆಲದ ಮೇಲೆ ಕೂತುಬಿಟ್ಟಳು. ಮಗಳಿಗೆ ಅಂಥ ಜೊತೆ ಕ್ಲಿಪ್ಪು ಇದ್ದವಂತೆ. ಒಂದು ಗಂಡ ಶರಣಾದ ಬೆಳಗ್ಗೆಯೇ ಕಾಣೆಯಾಗಿ, ಬಾಂಬು ಬೀಳುವ ಹೊತ್ತಿನಲ್ಲೂ ಆ ಮಗು ಅದಕ್ಕಾಗಿ ಅಳುತ್ತಿತ್ತಂತೆ. ಇನ್ನೊಂದು ಈಗಲೂ ಇವಳ ಪೆಟ್ಟಿಗೆಯಲ್ಲಿದೆ. "ಕಳೆದಿರಲಿಲ್ಲ ಅಕ್ಕಾ," ಎಂದಳು, "ಅವರು ತಗೊಂಡು ಹೋಗಿದ್ದರು." ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಸಿಟ್ಟಿನಿಂದ ಹೋದರೇ ಎಂಬ ಮಾತನ್ನು ಆಮೇಲೆ ಅವಳ ಬಾಯಲ್ಲಿ ನಾನು ಕೇಳಿಲ್ಲ.

ನಮ್ಮ ಮನೆಯವರಿಗೆ ಇಷ್ಟೇ ಹೇಳಿದೆ, ಲಾಕರಿನ ಹತ್ತಿರ ಕಣ್ಣು ಕತ್ತಲೆ ಬಂತು ಎಂದು. "ಮುಂಜಾನೆ ಏನೂ ತಿನ್ನಲಾರದ ಹೋಗಿದ್ದಿ, ತಲಿ ತಿರಗಿರ್ತದ," ಎಂದರು. ಇರಬಹುದು. ಆ ಕ್ಲಿಪ್ಪನ್ನು ನಾನು ಎಂದೋ ಅವಳ ಮನೆಯಲ್ಲಿ ನೋಡಿ ಮರೆತಿರಬಹುದು. ಅವಳ ಸಂಕಟ ನೋಡಲಾರದೆ ನನ್ನ ಮನಸ್ಸೇ ಒಂದು ಸಮಾಧಾನ ಕಟ್ಟಿಕೊಟ್ಟಿರಬಹುದು. ಆದರೆ ಆತ ಏಕೆ ತಿರುಗಿ ನೋಡಲಿಲ್ಲ ಎಂಬುದು ನನಗೆ ಎಲ್ಲಿಂದ ಹೊಳೆಯಿತು? ಆ ನಾಚಿಕೆ ಯಾರದು?

ಕೊಂಡಿಯನ್ನು ಆಗಲೇ ಈಲಿಂಗ್ ರೋಡಿನ ಅಂಗಡಿಯಲ್ಲಿ ಸರಿಮಾಡಿಸಿದೆ. ಈಗ ಮುಟ್ಟಿದರೆ ಸಾಕು, ಬಿಚ್ಚಿಕೊಳ್ಳುತ್ತದೆ. ಅದು ವಾಸಂತಿಗೂ ಗೊತ್ತು. ಆದರೂ ಬೆಳಗ್ಗೆ ಲಾಕರಿನ ಮುಂದೆ ನಾನು ಅವಳಿಗೆ ಬೆನ್ನು ಮಾಡಿ ನಿಲ್ಲುತ್ತೇನೆ, ಅವಳೇ ಬಿಚ್ಚುತ್ತಾಳೆ. ಬಿಚ್ಚಿದ ಮೇಲೆ ಅವಳ ಕೈ ಸ್ವಲ್ಪ ಹೊತ್ತು ನನ್ನ ಹೆಗಲ ಮೇಲೇ ಇರುತ್ತದೆ.

"ಬಸ್ಸು ಹೊರಟಿತಾ ಅಕ್ಕಾ?" ಎಂದು ಮೆಲ್ಲಗೆ ಕೇಳುತ್ತಾಳೆ.

ನಾನು ಕಣ್ಣು ಮುಚ್ಚಿ ನೋಡುತ್ತೇನೆ. ಆ ದಿನದಿಂದ ನನಗೆ ಏನೂ ಕಂಡಿಲ್ಲ.

"ಇಲ್ಲವ್ವಾ," ಎನ್ನುತ್ತೇನೆ. "ಇನ್ನೂ ಮೆಟ್ಟಲ ಮ್ಯಾಲೇ ನಿಂತಾರ."