ಸಿನೀವಾಳ ಗೋಡೆಯಿಲ್ಲದ ಮನೆ

ಊರ ಹೆಂಗಸರ ಕ್ರಿಕೆಟ್ಟಿನಲ್ಲಿ ಚೆಂಡನ್ನು ಪಾದ್ರಿಯ ಹಿತ್ತಲಿಗೆ ಅಟ್ಟುತ್ತಿದ್ದ, ಚರ್ಚಿನ ಹಾಡಿನಲ್ಲಿ ಉಳಿದವರ ದನಿಯನ್ನೆಲ್ಲ ಮುಳುಗಿಸುತ್ತಿದ್ದ ಸಿನೀವಾಳಿಗೆ ತನ್ನ ಮನೆಯಲ್ಲಿ ಮಾತ್ರ ಬಾಯಿ ತೆರೆಯುವ ಸರದಿಯೇ ಸಿಗುತ್ತಿರಲಿಲ್ಲ. ಸವಾಯಿ ದ್ವೀಪದ ಎಲ್ಲ ಹಳೆಯ ಮನೆಗಳ ಹಾಗೆ ಅದಕ್ಕೂ ಕಂಬಗಳಿದ್ದವು, ಸೂರಿತ್ತು, ಗೋಡೆ ಇರಲಿಲ್ಲ. ಅವಳ ಎದೆಯ ಗಂಟು ಕ್ಯಾನ್ಸರ್ ಎಂದು ಗೊತ್ತಾದದ್ದೇ ತಡ, ಬಂಧುಬಳಗವೆಲ್ಲ ಅಲ್ಲೇ ಠಿಕಾಣಿ ಹೂಡಿತು. ಭಯವಾಗುತ್ತಿದೆ ಎನ್ನಲು ಅವಳು ಬಾಯಿ ತೆರೆದರೆ ಸಾಕು, ಅಕ್ಕ ಲುಸಿಯಾ ಅದರೊಳಗೆ ಬೇಯಿಸಿದ ಕೆಸುವಿನ ಗೆಡ್ಡೆ ತುರುಕುತ್ತಿದ್ದಳು. ಗಂಡ ಫೆರೆತಿ ಜೋರಾಗಿ ಪ್ರಾರ್ಥನೆ ಶುರುಮಾಡುತ್ತಿದ್ದ. ಪಾಪ, ಎಲ್ಲವೂ ಪ್ರೀತಿಯಿಂದಲೇ.

ಹೀಗಿರುವಾಗ ಆಕ್ಲೆಂಡಿನಿಂದ ಮಿರಿಯಮಾ ಬಂದಳು. ಕ್ಯಾನ್ಸರ್ ಬಂದವರು ಮನಸ್ಸನ್ನು ಹೇಗೆ ನಿಭಾಯಿಸುತ್ತಾರೆ ಎಂಬುದು ಅವಳ ಸಂಶೋಧನೆ.

"ಅಮ್ಮಾ, ನಿಮ್ಮೊಬ್ಬರ ಹತ್ರಾನೇ ಮಾತಾಡ್ಬೇಕು."

ಸಿನೀವಾ ಹುಟ್ಟಿದಾಗಿನಿಂದ ಒಬ್ಬಳೇ ಇದ್ದವಳಲ್ಲ. ಆದರೂ ಆಸೆಯಾಯಿತು. ಈ ಹುಡುಗಿಯ ಎದುರಿಗಾದರೂ ಆ ಭಯದ ಮಾತನ್ನು ಒಮ್ಮೆ ಹೇಳಿಬಿಡಬೇಕು.

ಅತಿಥಿ ಕೇಳಿದ್ದನ್ನು ಇಲ್ಲವೆನ್ನುವುದುಂಟೆ? ಮಳೆ ಬಂದಾಗ ಮಾತ್ರ ಇಳಿಸುವ ತೆಂಗಿನ ಗರಿಯ ತಟ್ಟಿಗಳನ್ನು ಫೆರೆತಿ ಬಿಸಿಲಲ್ಲೇ ಸುತ್ತಲೂ ಇಳಿಬಿಟ್ಟ. ಬಂಧುಗಳೆಲ್ಲ ಮರ್ಯಾದೆಯಿಂದ ಹೊರಗೆ ಹೋಗಿ, ತಟ್ಟಿಗೆ ಬೆನ್ನು ತಾಗಿಸಿ ಕೂತರು.

"ರಾತ್ರಿ ನಿದ್ದೆ ಬರುತ್ತಾ ಅಮ್ಮಾ?"

"ಗೊರಕೆ ಹೊಡೀತಾಳೆ!" ಹೊರಗಿನಿಂದ ಲುಸಿಯಾ ಉತ್ತರಿಸಿದಳು.

"ಊಟ ಸೇರುತ್ತಾ?"

"ನಾನು ಕೊಟ್ರೆ ಸೇರದೇ ಇರುತ್ತಾ?"

"ದಯವಿಟ್ಟು ಅಮ್ಮನೇ ಹೇಳ್ಲಿ," ಎಂದಳು ಮಿರಿಯಮಾ.

"ಅವಳಿಗೇನಮ್ಮಾ ಗೊತ್ತು? ಹುಷಾರಿಲ್ದೋಳು!"

ತಟ್ಟಿಯಡಿಯಿಂದ ಒಂದು ಕೈ ಬಂದು, ಅತಿಥಿಗೆಂದು ಗೆಡ್ಡೆಯ ತಟ್ಟೆಯನ್ನು ಒಳಗೆ ತಳ್ಳಿತು. ಸಿನೀವಾಳ ಪಿತ್ತ ನೆತ್ತಿಗೇರಿತು.

"ಎಲ್ರೂ ಬಾಯಿ ಮುಚ್ಕೊಳ್ತೀರೋ ಇಲ್ವೋ!"

ಚರ್ಚಿನ ಆ ದನಿಗೆ ಅಂಗಳದ ಕೋಳಿಗಳು ದಿಕ್ಕಾಪಾಲಾದವು. ಮಿರಿಯಮಾಳ ಪೆನ್ನು ಕೆಳಗೆ ಬಿತ್ತು.

"ನಂಗೆ ಭಯ ಆಗ್ತಿದೆ. ಸಾಯೋಕೆ ಭಯ. ನಿಮಗೋಸ್ಕರ ನಕ್ಕೂ ನಕ್ಕೂ ಸಾಕಾಗಿದೆ ನಂಗೆ."

ಈ ಸಲ ಪ್ರಾರ್ಥನೆ ಶುರುವಾಗಲಿಲ್ಲ. ತಟ್ಟಿಯಾಚೆಯಿಂದ ಫೆರೆತಿಯ ಸಣ್ಣ ದನಿ ಕೇಳಿತು.

"ನಂಗೂ ಕಣೇ."

ಆಮೇಲೆ ಲುಸಿಯಾ ಗೊಳೋ ಎಂದು ಅತ್ತಳು. ಸಿನೀವಾಳಿಗೂ ಅಳು ಬಂತು, ಎದೆ ಹಗುರವೂ ಆಯಿತು. ಅವಳೇ ಎದ್ದು ತಟ್ಟಿ ಎತ್ತಿದಳು.

"ಒಳಗೆ ಬಂದು ಅಳೇ ಅಕ್ಕಾ. ಅಲ್ಲಿ ಇರುವೆ ಕಚ್ಚುತ್ವೆ."

ಲುಸಿಯಾ ಬಂದು ತಂಗಿಯ ಪಕ್ಕ ಕೂತಳು. ಅಭ್ಯಾಸಬಲದಿಂದ ಗೆಡ್ಡೆಯ ತುಂಡೊಂದನ್ನು ಎತ್ತಿ ತಂಗಿಯ ಬಾಯಿಯವರೆಗೂ ತಂದಳು. ಅಲ್ಲಿ ತಡೆದು, ತಾನೇ ತಿಂದು, "ಹೇಳೇ, ಇನ್ನೂ ಏನೇನಿದೆ ಹೇಳು" ಎಂದಳು.