ಮಾವನ ಎಡೆಯ ಹಿತ್ತಾಳೆ ಬಟ್ಟಲು

ಆಗ ನನಗೆ ಐವತ್ತೆರಡು. ಅದಾಗಿ ಹದಿನಾಲ್ಕು ವರ್ಷವಾಯಿತು. ಆ ಹಬ್ಬದ ಸಿಟ್ಟು ನನ್ನ ಹೊಟ್ಟೆಯೊಳಗೆ ಇನ್ನೂ ಆರಿಲ್ಲ. ಆರಲಿ ಅಂತ ನಾನೂ ಕಾದಿಲ್ಲ.

ನನ್ನ ಗಂಡ ಕುಡಿಯುತ್ತಿದ್ದ. ಗಂಡನಿಗೆ ಅವರು ಎನ್ನಬೇಕು, ನನಗೂ ಗೊತ್ತು. ಜುಗೂಳದ ದಾರಿಯಲ್ಲಿ ಕೆಸರಿನೊಳಗೆ ಬಿದ್ದವನನ್ನು ಕಬ್ಬಿನ ಮೇವಿನ ಜೊತೆ ಗಾಡಿಯಲ್ಲಿ ಹೇರಿಕೊಂಡು ಮನೆಗೆ ತಂದವಳು ನಾನು. ಅವನು ಎಂದೇ ಬರೆಯುತ್ತೇನೆ.

ಆ ವರ್ಷ ಕಾರಹುಣ್ಣಿಮೆ ಹೊತ್ತಿಗೆ ರಕ್ತ ಕಾರಿದ. ಮಿರಜಕ್ಕೆ ಒಯ್ದೆವು. ಡಾಕ್ಟರು ನನ್ನನ್ನೇ ಎದುರಿಗೆ ಕೂರಿಸಿಕೊಂಡು, ಇನ್ನೊಮ್ಮೆ ಕುಡಿದರೆ ಇವನನ್ನು ಇಲ್ಲಿಗೆ ತರಬೇಡ, ಸೀದಾ ಹೊಲಕ್ಕೆ ಒಯ್ದು ಮಣ್ಣು ಮಾಡು ಅಂದರು. ನಮ್ಮ ಕಡೆಯ ಜನಕ್ಕೆ ಹೀಗೇ ಹೇಳಬೇಕು. ಅವನಿಗೆ ತಿಳಿಯಿತು. ಬಿಟ್ಟ. ಕೈ ನಡುಗುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ, ನನಗೆ ಬಾಯಿಗೆ ಬಂದಂತೆ ಬೈಯುತ್ತಿದ್ದ, ಆದರೆ ಬಿಟ್ಟ.

ಶ್ರಾವಣ ಸಲೀಸಾಗಿ ಹೋಯಿತು. ಶ್ರಾವಣದಲ್ಲಿ ಅರ್ಧ ಊರೇ ಕುಡಿಯುವುದನ್ನು ಬಿಟ್ಟಿರುತ್ತದೆ, ಅವರ ನಡುವೆ ಇವನೂ ಒಬ್ಬನಾದ. ಶ್ರಾವಣ ಮುಗಿದು ಎಲ್ಲರೂ ಮತ್ತೆ ಹಚ್ಚಿಕೊಂಡರು. ಇವನು ಹಚ್ಚಿಕೊಳ್ಳಲಿಲ್ಲ. ಆಗ ಜನರ ಕಣ್ಣಿಗೆ ಬಿದ್ದ.

ಕುಡಿಯುವಾಗ ಇವನಿಗೆ ಒಬ್ಬನಾದರೂ ಒಂದು ಗ್ಲಾಸು ಕೊಡಿಸಿದ್ದರೆ ಕೇಳಿ. ಕುಡುಕ ಬಂದ ಅಂತ ಕಟ್ಟೆಯಿಂದ ಎದ್ದು ಹೋಗುತ್ತಿದ್ದವರೇ, ಬಿಟ್ಟ ಮೇಲೆ ತುಂಬಿದ ಗ್ಲಾಸು ಹಿಡಿದು ಹಿಂದೆ ಬಿದ್ದರು. ಹಬ್ಬಕ್ಕೊಂದು ಗುಟುಕು ಏನಾಗುತ್ತದೆ ಅಂತ ಒಬ್ಬ. ಹೆಂಡತಿಗೆ ಅಂಜುತ್ತಾನೆ ಅಂತ ಇನ್ನೊಬ್ಬ. ಒಬ್ಬ ಮನುಷ್ಯ ನೆಟ್ಟಗೆ ನಿಂತರೆ ಇವರಿಗೇನು ನಷ್ಟ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಅವರನ್ನಾದರೂ ಬಾಗಿಲ ಹೊರಗೇ ಬೈದು ಕಳಿಸಬಹುದಿತ್ತು. ಮಹಾನವಮಿ ಅಮಾವಾಸ್ಯೆಗೆ ಬರುವುದು ಮನೆಯೊಳಗೇ ಬರುತ್ತದೆ.

ಆ ದಿನ ನಾವು ತೀರಿಹೋದ ಹಿರಿಯರಿಗೆ ಎಡೆ ಇಡುತ್ತೇವೆ. ಬದುಕಿದ್ದಾಗ ಅವರಿಗೆ ಏನು ಪ್ರೀತಿಯೋ ಅದೆಲ್ಲ ಎಡೆಯಲ್ಲಿ ಇರಬೇಕು. ನಮ್ಮ ಮಾವನಿಗೆ ಖಂಡದ ಸಾರು, ಬಿಸಿ ರೊಟ್ಟಿ, ಬೀಡಿ, ಮತ್ತೆ ಸೆರೆ, ಅಂದರೆ ಸಾರಾಯಿ. ಸೆರೆಗೆಂದೇ ಒಂದು ಹಿತ್ತಾಳೆ ಬಟ್ಟಲು ಇತ್ತು. ವರ್ಷವೆಲ್ಲ ಜಗಲಿಯ ಮೇಲೆ ದೇವರ ಪಕ್ಕದಲ್ಲಿ ಕೂತಿರುತ್ತಿತ್ತು, ಅದೊಂದು ದಿನ ಕೆಳಗಿಳಿಯುತ್ತಿತ್ತು. ಪೂಜೆಯಾದ ಮೇಲೆ ಹಿರಿಯ ಮಗ ಆ ಬಟ್ಟಲನ್ನು ಎತ್ತಿ ಪ್ರಸಾದವೆಂದು ಕುಡಿಯಬೇಕು. ಅವನು ಕುಡಿಯುವ ತನಕ ಮನೆಯಲ್ಲಿ ಯಾರೂ ತುತ್ತು ಮುಟ್ಟುವಂತಿಲ್ಲ. ಹಿರಿಯ ಮಗ ಅಂದರೆ ನನ್ನ ಗಂಡ.

ಅವತ್ತು ಬೆಳಿಗ್ಗೆ ನಾನು ಎಮ್ಮೆ ಹಿಂಡುತ್ತಿದ್ದೆ. ಬಂದು ಪಕ್ಕದಲ್ಲಿ ನಿಂತ.

“ಆ ಬಟ್ಟಲಾ ನನ್ನ ಕೈಯಾಗ ಕೊಡಬ್ಯಾಡ,” ಅಂದ. “ಕೈಯಾಗ ಬಂತಂದ್ರ ನಾ ಕುಡೀತೀನಿ. ಒಂದs ಬಟ್ಟಲಕ್ಕ ನಿಂದ್ರಾಂವ ನಾ ಅಲ್ಲ.”

ಮದುವೆಯಾದಾಗಿನಿಂದ ಅವನು ನನ್ನ ಹತ್ತಿರ ಆಡಿದ ಖರೇ ಮಾತು ಅದೊಂದೇ ಇರಬೇಕು.

ಮೈದುನ ಏಕಸಂಬಿಯಿಂದ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದ. ಬಗಲಲ್ಲಿ ಬಾಟಲಿ. ಈ ಸಲ ಬೇಡ, ಬಟ್ಟಲಿಗೆ ನೀರು ಹಾಕೋಣ ಅಂತ ಅಡುಗೆಮನೆಯಲ್ಲಿ ಅವನಿಗೆ ತಗ್ಗಿದ ದನಿಯಲ್ಲೇ ಹೇಳಿದೆ. ಮಿರಜದ ಡಾಕ್ಟರು ಅಂದದ್ದನ್ನೂ ಹೇಳಿದೆ. ಡಾಕ್ಟರು ಹೇಳಿದ್ದು ಸೆರೆಗೆ, ಇದು ಪ್ರಸಾದ ಅಂದ ಆ ಜಾಣ. ಹೊಟ್ಟೆಯೊಳಗೆ ಹೋದ ಮೇಲೆ ಅದು ಹೆಸರು ಹೇಳಿಕೊಂಡು ಹೋಗುತ್ತದೇನು?

ಎಡೆ ಇಟ್ಟೆವು, ಕಾಯಿ ಒಡೆದೆವು. ಮೈದುನ ಬಟ್ಟಲ ತುಂಬ ಸುರಿದ. ಬರಿ ತುಟಿಗೆ ಹಚ್ಚುವಷ್ಟಲ್ಲ, ಅಂಚಿನ ತನಕ. ಆ ವಾಸನೆ ಬಂದ ಕೂಡಲೇ ನನ್ನ ಗಂಡನ ಗಂಟಲು ಮೇಲೆ ಕೆಳಗೆ ಆಡಿದ್ದನ್ನು ನೋಡಿದೆ. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ, ಶಾಲೆಯಲ್ಲಿ ಏಟು ತಿಂದ ಹುಡುಗನ ಹಾಗೆ.

“ಅಣ್ಣಾ, ಎತ್ತು. ಹುಡುಗ್ರು ಹಸದಾವ,” ಅಂದ ಮೈದುನ.

ಅವನು ಏಳಲಿಲ್ಲ.

“ಅಪ್ಪಗ ಬ್ಯಾಡ ಅಂತೀಯೇನ? ವರ್ಷಕ್ಕೊಮ್ಮೆ ಬರ್ತಾನ ಅಂವ.”

ಮೂಲೆಯಲ್ಲಿ ಗೋಡೆಗೆ ಆತು ಕೂತಿದ್ದ ಅತ್ತೆ, ನಿಮ್ಮಪ್ಪ ಉಪವಾಸ ಹೋದರೆ ಮನೆಗೆ ಒಳ್ಳೆಯದಲ್ಲ ಅಂತ ಗೊಣಗಿದಳು. ನನ್ನ ಗಂಡನ ಬಲಗೈ ತೊಡೆಯ ಕೆಳಗಿಂದ ಹೊರಗೆ ಬಂತು.

ನಾನು ಎದ್ದು ಹೋಗಿ ಬಟ್ಟಲು ಎತ್ತಿ ಕುಡಿದೆ. ನಿಂತೇ ಕುಡಿದೆ, ಪೂರಾ ಕುಡಿದೆ. ಬೆಂಕಿ ನುಂಗಿದ ಹಾಗಾಯಿತು. ಅದಕ್ಕೂ ಮೊದಲು ಒಂದು ಹನಿ ಮುಟ್ಟಿದವಳಲ್ಲ. ಇದಕ್ಕಾಗಿಯೇ ಏನು, ನನ್ನ ತಾಳಿಯ ಬಂಗಾರ, ಮೈ, ನಿದ್ದೆ ಎಲ್ಲ ಹೋದದ್ದು, ಅಂತ ಅನ್ನಿಸಿ ಸಿಟ್ಟು ಎರಡರಷ್ಟಾಯಿತು.

ಬಟ್ಟಲನ್ನು ಮೈದುನನ ಮುಂದೆ ಬೋರಲು ಹಾಕಿದೆ.

“ಹಿರೇ ಸೊಸಿ ಕುಡದಾಳ. ಪ್ರಸಾದ ಮುಟ್ಟೈತಿ. ಇನ್ನ ಉಣ್ರಿ.”

ಮೈದುನನ ಮುಖ ಕಪ್ಪಾಯಿತು. ಹೆಂಗಸು ಹಿರಿಯರ ಬಟ್ಟಲು ಮುಟ್ಟುತ್ತಾಳಂದರೆ ಏನು, ಮನೆತನದ ಮರ್ಯಾದೆ ಏನಾಯಿತು, ಹೊಲಸು ಮಾಡಿದಿ ವೈನಿ ಅಂತ ಶುರುಮಾಡಿದ. ನಿಮ್ಮಪ್ಪ ವಾಂತಿ ಮಾಡಿದ್ದನ್ನು ಬಳಿದವಳು ನಾನು, ನಿಮ್ಮಣ್ಣನದನ್ನು ಬಳಿದವಳೂ ನಾನು, ಹೊಲಸು ಯಾವುದು ಅಂತ ನನಗೆ ಕಲಿಸಬೇಡ ಅಂದೆ. ಹುಡುಗರೆಲ್ಲ ಬಾಯಿ ತೆರೆದು ನೋಡುತ್ತಿದ್ದರು. ಯಾರೂ ಎಡೆಯ ಕಡೆ ಕೈ ಚಾಚಲಿಲ್ಲ.

ಆಗ ಮೂಲೆಯಿಂದ ಅತ್ತೆ ಕೇಳಿದಳು, “ಹೆಂಗಿತ್ತ ಬೇ?”

“ಖಾರ ಖಾರ, ಕಹಿ,” ಅಂದೆ.

“ಅಷ್ಟs ಏನು?” ಅಂದಳು. ಜೀವಮಾನವೆಲ್ಲ ಕುಡುಕ ಗಂಡನ ಜೊತೆ ಬಾಳಿದವಳು, ಅದರ ರುಚಿ ಏನೆಂದು ಅವಳಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಎಡೆಯನ್ನೇ ನೋಡಿದಳು. ಆಮೇಲೆ ತಾಟು ಮುಂದಕ್ಕೆ ತಳ್ಳಿ, “ನನಗ ಒಂದ ರೊಟ್ಟಿ ನೀಡ,” ಅಂದಳು.

ಮನೆಯ ಹಿರಿಯ ಜೀವ ಉಣ್ಣಲು ಕೂತ ಮೇಲೆ ಮತ್ತೆ ಯಾರ ಬಾಯಿಯೂ ಏಳಲಿಲ್ಲ. ನೀಡಿದೆ. ನನ್ನ ತಲೆ ಗಿರ್ರನೆ ತಿರುಗುತ್ತಿತ್ತು, ಸಾರನ್ನು ಒಬ್ಬರ ತಾಟಿನ ಬದಲು ಇನ್ನೊಬ್ಬರ ತಾಟಿಗೆ ಹಾಕಿದೆ. ನನ್ನ ಗಂಡ ಎದ್ದು ಬಂದು ನನ್ನ ಕೈಯಿಂದ ಸೌಟು ತೆಗೆದುಕೊಂಡು ಉಳಿದವರಿಗೆಲ್ಲ ತಾನೇ ನೀಡಿದ.

ಮೈದುನ ಸಂಜೆ ಹೊರಡುವಾಗ ಬಾಟಲಿಯನ್ನು ಬಗಲಲ್ಲಿ ಇಟ್ಟುಕೊಂಡ. ಬರುವ ವರ್ಷ ನೋಡೋಣ ವೈನಿ ಅಂದ. ನೋಡು ಅಂದೆ. ಆ ದಸರೆಗೆ ಬನ್ನಿ ಕೊಡಲು ಬಂದವರು, ದೀಪಾವಳಿಗೆ ಬಂದವರು ಎಲ್ಲ ನನ್ನನ್ನು ನೋಡಿ ಮೀಸೆಯಲ್ಲೇ ನಕ್ಕರು. ಕುಡಿಯುವ ಹೆಂಗಸು ಅಂತ ಕಾಗವಾಡದ ಸಂತೆಯ ತನಕ ಸುದ್ದಿ ಹೋಗಿತ್ತು. ಹೋಗಲಿ. ನನ್ನ ಹೆಸರು ಕೆಟ್ಟರೆ ನನ್ನ ಕರುಳು ತೂತಾಗುವುದಿಲ್ಲ. ಅವನು ಇವತ್ತೂ ಹೊರಗೆ ಕೂತು ಎಮ್ಮೆಗೆ ಬೈಯುತ್ತಿದ್ದಾನೆ.

ಆದರೆ ವರ್ಷವರ್ಷವೂ ಅವನ ಪಾಲಿನದನ್ನು ನಾನು ಕುಡಿಯುತ್ತ ಕೂರುವಂತಿರಲಿಲ್ಲ. ಆ ಅಮಾವಾಸ್ಯೆಯ ಮರುದಿನ ಬೆಳಿಗ್ಗೆಯೇ, ತಲೆ ಸಿಡಿಯುತ್ತಿದ್ದರೂ ಎಲ್ಲರಿಗಿಂತ ಮೊದಲು ಎದ್ದೆ. ಜಗಲಿಯ ಮೇಲಿನ ಬಟ್ಟಲನ್ನು ಹಿತ್ತಲಿಗೆ ಒಯ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿ, ಮೊಳೆ ಇಟ್ಟು ಸುತ್ತಿಗೆಯಿಂದ ಹೊಡೆದು ತಳಕ್ಕೆ ತೂತು ಮಾಡಿದೆ. ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಯುವ ಹಾಗೆ ತಿಕ್ಕಿ ತೊಳೆದು, ಇದ್ದಲ್ಲೇ ಇಟ್ಟು, ಎಮ್ಮೆ ಹಿಂಡಲು ಹೋದೆ.