ಜವರ ಹಾಡಿದ ನಂಬರು

ಗುರುವಾರ ಹನ್ನೊಂದು ಗಂಟೆಗೆ ಹುಣಸೂರಿನಲ್ಲಿ ಮುತ್ತಿಯ ಜಮೀನಿನ ವಿಚಾರಣೆ. ಅದು ನನಗೆ ಗೊತ್ತು, ಮುತ್ತಿಗೆ ಗೊತ್ತಿಲ್ಲ. ಎಂಟು ದಿನದಿಂದ ನನ್ನನ್ನು ಕೊರೆಯುತ್ತಿರುವುದು ಇದೇ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನನ್ನ ಚಿಂತೆ ಅವಳ ಮೂರು ಎಕರೆಯದಲ್ಲ. ನಿಜ ತಿಳಿದ ಮೇಲೆ ಅವಳು ನನ್ನ ಒಂಬತ್ತು ತಿಂಗಳ ಮಗಳನ್ನು ಎತ್ತಿಕೊಳ್ಳುತ್ತಾಳೋ ಇಲ್ಲವೋ ಎಂಬುದು. ಅವಳ ಹೆಗಲು ಬಿಟ್ಟರೆ ಮಗು ಬೇರೆಲ್ಲೂ ನಿದ್ದೆ ಮಾಡುವುದಿಲ್ಲ.

ಮೊದಲು ಮುತ್ತಿಯ ಗಂಡ ಜವರನ ವಿಷಯ ಹೇಳಬೇಕು.

ಕಾಡಿನೊಳಗಿನ ಹಾಡಿಯಿಂದ ಆದಿವಾಸಿ ಕುಟುಂಬಗಳನ್ನೆಲ್ಲ ಲಾರಿಯಲ್ಲಿ ತಂದು ನಮ್ಮೂರ ಪಕ್ಕದ ಪುನರ್ವಸತಿ ಕಾಲೋನಿಯಲ್ಲಿ ಇಳಿಸಿದಾಗ ಅವನಿಗೆ ಮೂವತ್ತರ ಆಸುಪಾಸು. ಒಂದು ಮನೆ, ಮೂರು ಎಕರೆ, ಅದಕ್ಕೊಂದು ಹಕ್ಕುಪತ್ರ ಕೊಟ್ಟರು. ಜವರನಿಗೆ ಓದು ಬಾರದು. ಒಮ್ಮೆ ಆಶಾರಾಣಿ ಎಂಬ ವಕೀಲೆ, ಎತ್ತಂಗಡಿಯಾದವರಿಗೆ ಭೂಮಿಯ ಹಕ್ಕು ತಿಳಿಸುವ ಶಿಬಿರ ನಡೆಸಲು ಮೈಸೂರಿನಿಂದ ಬಂದರಂತೆ. ಯುದ್ಧ ಮುಗಿದು ಊರಿಗೆ ಮರಳಿದವರು ತಮ್ಮ ಮನೆಯಲ್ಲೇ ಬೇರೆಯವರ ಒಲೆ ಉರಿಯುವುದನ್ನು ಕಾಣುತ್ತಾರೆ, ಕಾಗದ ಜೋಪಾನ ಮಾಡಿದವರಿಗಷ್ಟೇ ಮನೆ ವಾಪಸು ಸಿಗುತ್ತದೆ ಎಂದು ಹೊರದೇಶದ ಸಂಗತಿ ಹೇಳಿದರಂತೆ. ಜವರ ಎದ್ದು ನಿಂತು, "ಯುದ್ದದಲ್ಲಿ ಒಡ್ದು ಓಡಿಸ್ತಾರೆ ಕಣವ್ವ. ನಮ್ಮುನ್ನ ಪಾಯ್ಸ ಇಕ್ಕಿ ಓಡ್ಸುದ್ರು" ಅಂದನಂತೆ. ಎಲ್ಲರೂ ನಕ್ಕರಂತೆ.

ಅಂದಿನಿಂದ ಅವನೇ ಶಿಬಿರದ ಬಾಯಿಯಾದ. ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಡೆಯ ಹಾಡಿಗಳಿಗೆಲ್ಲ ನಡೆದ. ಹಂಚಿದ ಚೀಟಿಗಳಲ್ಲಿ ಜನ ಎಲೆಅಡಿಕೆ ಕಟ್ಟಿಕೊಳ್ಳುವುದನ್ನು ಕಂಡು, ವಕೀಲೆಯ ಫೋನ್ ನಂಬರಿಗೇ ರಾಗ ಹಾಕಿದ. "ಒಂಬತ್ತು, ನಾಕು, ನಾಕು, ಎಂಟು, ಭೂಮ್ತಾಯ್ಗೂ ನಮ್ಗೂ ನಂಟು..." ಹೀಗೆ ಹತ್ತು ಅಂಕಿಯವರೆಗೂ.

ಅವನ ಮೂರು ಎಕರೆಯನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ, ಪಡೆದು ಹೊಗೆಸೊಪ್ಪು ಬೆಳೆಯುತ್ತಿದ್ದವರು ನನ್ನ ಮಾವ ವೀರಭದ್ರಸ್ವಾಮಿ.

"ಏನ್ಲಾ ಲಾಯರ್ರೇ, ಈ ದಿಕ್ಕಿಗೆ ಬಂದ್ಬುಟ್ಟೆ?" ಎಂದು ಮಾವ ಜಗಲಿಯ ಮೇಲಿಂದಲೇ ಕೆಣಕುತ್ತಿದ್ದರು.

"ಇವತ್ತು ಕೋರ್ಟು ರಜ ಕಣ್ ಬುದ್ದಿ" ಎನ್ನುತ್ತಿದ್ದ ಜವರ, ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತು.

ಈ ಸಲದ ಮಳೆಗಾಲದ ಕೊನೆಯಲ್ಲಿ ಮೂರು ದಿನದ ಜ್ವರಕ್ಕೆ ಅವನು ಹೋಗಿಬಿಟ್ಟ. ಮುತ್ತಿ ಮನೆಯ ಬಾಗಿಲು ಎಳೆದುಕೊಂಡು ಹೊರಗೆ ಬಂದಳು. "ಸತ್ತ್ ಮನೇಲಿ ಮೂರು ತಿಂಗ್ಳು ಒಲೆ ಅಚ್ಚಂಗಿಲ್ಲ ಕಣವ್ವ. ಸತ್ತೋರು ಒಲೆ ಬೆಳಕು ಕಂಡ್ರೆ ತಿರೀಕಂಡು ಬತ್ತಾರೆ" ಎಂದಳು. ಅದು ಅವರ ಹಾಡಿಯ ಕಟ್ಟಳೆ. ಹೊಗೆಸೊಪ್ಪು ಹದ ಮಾಡುವ ನಮ್ಮ ಬ್ಯಾರನ್ನಿನ ಪಕ್ಕದ, ಮಾವನೇ, ಶೆಡ್ಡಿನಲ್ಲಿ ಅವಳಿಗೆ ಜಾಗ ಕೊಟ್ಟರು. ಎಂಥ ದೊಡ್ಡ ಮನಸ್ಸು ಎಂದುಕೊಂಡೆ.

ಆ ಕಟ್ಟಳೆಯನ್ನು ಊಟದ ಹೊತ್ತಿನಲ್ಲಿ ವಿಚಿತ್ರವೆಂಬಂತೆ ಹೇಳಿದವಳು ನಾನೇ. ಮಾವ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.

"ಎಷ್ಟು ತಿಂಗ್ಳು ಅಂದೆ?"

"ಮೂರು."

ಮತ್ತೆ ಉಂಡರು. ಎರಡನೇ ತಿಂಗಳಲ್ಲಿ ತಾಲೂಕು ಕಚೇರಿಯಿಂದ ತಪಾಸಣೆಗೆ ಒಬ್ಬ ನೌಕರ ಬಂದ. ಮನೆಯಲ್ಲಿ ವಾಸವಿಲ್ಲದಿದ್ದರೆ ಹಕ್ಕುಪತ್ರ ರದ್ದು ಮಾಡಬಹುದೆಂದು ಪತ್ರದ ಷರತ್ತಿನಲ್ಲೇ ಇತ್ತಂತೆ. "ನಮ್ ಸೊಸೆ ಮೈಸೂರಲ್ಲಿ ಓದ್ದೋಳು, ಅಕ್ಷರ ಮುತ್ತಿನಂಗವೆ" ಎಂದು ಮಾವ ನನ್ನನ್ನು ಕರೆದುಕೊಂಡು ಹೋದರು. ನೌಕರ ಹೇಳಿದ, ನಾನು ಬರೆದೆ. ಮನೆ ಖಾಲಿ. ಒಲೆಯಲ್ಲಿ ಬೂದಿ ಇಲ್ಲ. ವಾರಸುದಾರರ ಪತ್ತೆ ಇಲ್ಲ. ಕೆಳಗೆ ಸಾಕ್ಷಿ ಎಂದು ರುಜು ಹಾಕಿದೆ.

ಆ ಹೊತ್ತಿಗೆ ಮುತ್ತಿ ನಮ್ಮ ಅಡುಗೆಮನೆಯಲ್ಲಿ ನನ್ನ ಮಗಳಿಗೆ ರಾಗಿ ಸರಿ ತಿನ್ನಿಸುತ್ತಿದ್ದಳು. ಎರಡು ಹೊಲ ದಾಟಿದರೆ ನಮ್ಮ ಮನೆ. ಅದು ನನಗೆ ಗೊತ್ತಿತ್ತು. ಬರೆಯುವಾಗಲೂ ಗೊತ್ತಿತ್ತು.

ರಾತ್ರಿಯವರೆಗೆ ಕಾಯದೆ, ಗಂಡ ಗೌರೀಶ್‌ಗೆ ಅಂದು ಸಂಜೆಯೇ ಹೇಳಿದೆ. ಅವನು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಹೊಲ ಇದ್ರೆ ಅವ್ಳು ಮೂರು ತಿಂಗ್ಳಿಗೆ ವಾಪಸ್ ಹೋಯ್ತಾಳೆ. ಇಲ್ದಿದ್ರೆ ಇಲ್ಲೇ ಇರ್ತಾಳೆ. ನಿಂಗೇ ಅನುಕೂಲ ಅಲ್ವಾ, ಬುಡು." ನಾನು ಬಿಟ್ಟೆ. ಅಷ್ಟೇ ಅಲ್ಲ, ಒಳಗೊಳಗೇ ಸಮಾಧಾನವೂ ಆಯಿತು.

ಮೂರು ತಿಂಗಳು ತುಂಬುವ ಮೊದಲೇ, ಹೋದ ವಾರ, ನೋಟೀಸು ಬಂತು. ಮುತ್ತಿ ಕೈ ಒರೆಸಿಕೊಂಡು ಅದನ್ನು ನನ್ನೆದುರು ಹಿಡಿದಳು. "ಏನ್ ಬರ್ದವ್ರೆ ನೋಡವ್ವ."

ಓದಿದೆ. ತಕರಾರಿದ್ದರೆ ಖುದ್ದು ಹಾಜರಾಗಬೇಕು, ತಪ್ಪಿದರೆ ಹಕ್ಕುಪತ್ರ ರದ್ದು. ಆ ಜಮೀನು ತನಗೆ ಸಿಗಲೆಂದು ಅರ್ಜಿ ಹಾಕಿದವರ ಜಾಗದಲ್ಲಿ ಮಾವನ ಹೆಸರಿತ್ತು. "ಏನೋ ಸರ್ವೆಯಂತೆ" ಎಂದೆ.

"ನೀವು ಓದುದ್ ಮ್ಯಾಲೆ ಸರಿ ಬುಡಿ" ಎಂದು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಊರೂರು ತಿರುಗಿ, ಕಾಗದ ಬಂದ ಕೂಡಲೇ ಫೋನ್ ಮಾಡಿ ಎಂದು ಸಾರಿದವನ ಹೆಂಡತಿ. ಅವಳಿಗೆ ಕಾಗದ ಓದಿ ಹೇಳಬೇಕಾದವಳು ನಾನು.

ಇಂದು ಬುಧವಾರ. ಮಾವ, ಗೌರೀಶ್ ಇಬ್ಬರೂ ಹೊಗೆಸೊಪ್ಪಿನ ಹರಾಜಿಗೆ ಪಿರಿಯಾಪಟ್ಟಣಕ್ಕೆ ಹೋಗಿದ್ದಾರೆ. ಹೋಗುವಾಗ ಮಾವ ಮುತ್ತಿಗೆ ಹೇಳಿದರು: "ನಾಳೆ ಎಲ್ಲೂ ಓಗ್ಬೇಡ ಕಣಮ್ಮಿ, ಮಗೀಗೆ ಉಸಾರಿಲ್ಲ." ಮಗು ಚೆನ್ನಾಗಿಯೇ ಇತ್ತು.

ಮಧ್ಯಾಹ್ನ ಮುತ್ತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಹಜಾರದಲ್ಲಿ ಓಡಾಡುತ್ತಿದ್ದಳು. ದಿನವೂ ಹಾಡುವ ಹಾಡೇ. ಒಂಬತ್ತು, ನಾಕು, ನಾಕು, ಎಂಟು. ತಿಂಗಳುಗಟ್ಟಲೆ ನನ್ನ ಮಗಳು ಅದಕ್ಕೇ ನಿದ್ದೆ ಹೋಗಿದ್ದಾಳೆ, ನಾನು ಮುಂದಿನದನ್ನು ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ.

"ಮುತ್ತಿ, ಪೂರ್ತಿ ಹಾಡು."

"ಮಗು ಮಲೀಕಂಡ್ತು ಕಣವ್ವ."

"ಆದ್ರೂ ಹಾಡು. ನಿಧಾನಕ್ಕೆ."

ಅವಳು ಹಾಡಿದಂತೆ ನಾನು ಒಂದೊಂದೇ ಅಂಕಿ ಒತ್ತಿದೆ. ಎರಡು ಸಲ ತಪ್ಪಿತು. ಮೂರನೆಯ ಸಲ ಆ ಕಡೆ ಹೆಂಗಸಿನ ದನಿ ಕೇಳಿಸಿತು. ಆಶಾರಾಣಿಯವರೇ.

"ಜವರನ ಹೆಂಡತಿ ಜಮೀನಿನ ವಿಚಾರಣೆ ನಾಳೆ ಇದೆ ಮೇಡಂ. ಮನೇಲಿ ಯಾರೂ ಇಲ್ಲ ಅಂತ ಮಹಜರು ಬರೆದಿದ್ದಾರೆ. ಅವಳು ಇಲ್ಲೇ ಇದ್ಲು."

"ಹಾಗಂತ ಹೇಳೋಕೆ ಸಾಕ್ಷಿ ಯಾರಾದ್ರೂ ಇದ್ದಾರಾ?"

ಮುತ್ತಿಯ ಹಾಡು ನಿಂತಿತ್ತು.

"ಇದ್ದಾರೆ" ಎಂದೆ. "ಅದನ್ನ ಬರೆದೋಳು ನಾನೇ."

ಮುತ್ತಿ ನನ್ನನ್ನು ನೋಡಿದಳು. ಆಮೇಲೆ ಮಗುವನ್ನು ಹೆಗಲಿನಿಂದ ಇಳಿಸಿ ಚಾಪೆಯ ಮೇಲೆ ಮಲಗಿಸಿ, ಸೊಂಟದಿಂದ ನೋಟೀಸು ತೆಗೆದು ನನ್ನ ಮುಂದಿಟ್ಟಳು. ಮಗು ಎಚ್ಚರವಾಗಿ ಅಳತೊಡಗಿತು. ಅವಳು ಎತ್ತಿಕೊಳ್ಳಲಿಲ್ಲ. ನಾನು ಫೋನಿನಲ್ಲಿ ತಾರೀಖು, ಸರ್ವೆ ನಂಬರು, ನಂತರ ಮಾವನ ಹೆಸರು ಓದಿ ಹೇಳಿದೆ.